ಎಲೆಗುಂಡಿ ತೆರೆದ ಬಲಿಪಾಡ್ಯಮಿ

ನೀಲವ್ವ ಸತ್ತದ್ದು ಪಟಾಕಿ ಹೊಗೆಯಿಂದಲ್ಲ. ನಾನು ಕೂಡಿಹಾಕಿದ ಎಲೆಗೊಬ್ಬರದ ಗುಂಡಿಯಿಂದ ಸತ್ತಳು. ಅದರೊಳಗೆ ಹಾಕಬಾರದ್ದನ್ನು ಹಾಕಿದವಳು ನಾನು. ಬೇಡ ಎಂದವಳನ್ನು ಅದಕ್ಕೆ ಇಳಿಸಿದವಳೂ ನಾನು.

ಮೊನ್ನೆ ಮೊಮ್ಮಗಳು ಎಲೆಗೊಬ್ಬರದ ಚೀಲವೊಂದನ್ನು ಅಂಗಡಿಯಿಂದ ತಂದು ಬಾಲ್ಕನಿಯಲ್ಲಿ ಕತ್ತರಿಸಿದಳು. "ಅಜ್ಜಿ, ಎಷ್ಟ್ ಚೆನ್ನಾಗಿದೆ ನೋಡಿ ವಾಸನೆ, ಮಳೆ ಬಂದಂಗೆ" ಎಂದಳು. ಚೆನ್ನಾಗಿಯೇ ಇತ್ತು. ಚೆನ್ನಾಗಿ ಕೊಳೆತ ಎಲೆಗೆ ಯಾವತ್ತೂ ಒಳ್ಳೆಯ ವಾಸನೆಯೇ. ನಾನು ಎದ್ದು ಒಳಗೆ ಹೋದೆ. ಯಾಕೆ ಎಂದು ಕೇಳಿದಳು. ಹೇಳುವುದಕ್ಕೆ ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ನಡುವಿನ ಒಂದು ವರ್ಷ. ಪುಟ್ಟೇನಹಳ್ಳಿ ಕೆರೆಯ ಆಚೆ ನಾವು ಸೊಪ್ಪು, ಅವರೆ, ಕನಕಾಂಬರ ಬೆಳೆಯುತ್ತಿದ್ದ ಹೊಲವೆಲ್ಲ ಲೇಔಟ್ ಆಗಿ ಜೆ.ಪಿ. ನಗರದ ಲೆಕ್ಕಕ್ಕೆ ಸೇರಿಕೊಂಡಿತ್ತು. ಹೊಲ ಹೋದ ಮರುವರ್ಷ ನನ್ನ ಯಜಮಾನರೂ ಹೋದರು. ಹೊಲದ ಕೊರಗಿನಲ್ಲಿ ಹೋದರು ಎಂದು ನೆಂಟರು ಹೇಳಿಕೊಂಡು ಅತ್ತರು. ಅವರು ಹೋದದ್ದು ಬೀಡಿ ಸೇದಿ. ಮಗ, ಸೊಸೆ ಕೆಲಸದ ಮೇಲೆ ಹಾಸನದಲ್ಲಿದ್ದರು. ನನ್ನ ಪಾಲಿಗೆ ಉಳಿದದ್ದು ಒಂದು ಸೈಟು, ಅದರ ಮುಂದೆ ಒಂದು ಮನೆ, ಹಿಂದೆ ಎರಡು ಬಾಡಿಗೆ ರೂಮು, ಮಗ್ಗುಲಲ್ಲಿ ಒಂದಿಷ್ಟು ಖಾಲಿ ಜಾಗ.

ಆ ಖಾಲಿ ಜಾಗವೇ ನನ್ನ ಹುಚ್ಚು. ಲೇಔಟಿನವರು ಮೇಲುಮಣ್ಣನ್ನು ಕೆರೆದು ಟ್ರ್ಯಾಕ್ಟರಿನಲ್ಲಿ ಸಾಗಿಸಿದ್ದರು. ಉಳಿದದ್ದರ ಮೇಲೆ ಮನೆ ಕಟ್ಟಿದವರು ಒಡೆದ ಇಟ್ಟಿಗೆ, ಸಿಮೆಂಟಿನ ಗಡ್ಡೆ, ಜಲ್ಲಿ ಸುರಿದಿದ್ದರು. ಎರಡು ಸಲ ಅವರೆ ಹಾಕಿದೆ. ಗೇಣುದ್ದ ಎದ್ದು ಹಳದಿಯಾಗಿ ನಿಂತಿತು. ನಲವತ್ತು ವರ್ಷ ಮಣ್ಣಿನಲ್ಲಿ ಕೈಯಾಡಿಸಿದವಳ ಮುಂದೆ ಒಂದು ಅವರೆ ಗಿಡ ಹಾಗೆ ನಿಂತರೆ ಬೈದ ಹಾಗಿರುತ್ತದೆ. ಮಣ್ಣು ಸತ್ತಿದೆ, ಅದಕ್ಕೆ ಎಲೆ ತಿನ್ನಿಸಬೇಕು ಎಂದು ತೀರ್ಮಾನಿಸಿದೆ.

ಹಿಂದಿನ ರೂಮಿಗೆ ನೀಲವ್ವ ಬಂದದ್ದು ಅದೇ ಸಂಕ್ರಾಂತಿಯ ಹೊತ್ತಿಗೆ. ಬಿಜಾಪುರದ ಕಡೆಯವಳು. ಇಪ್ಪತ್ತಾರೋ ಇಪ್ಪತ್ತೇಳೋ, ಮಕ್ಕಳಿರಲಿಲ್ಲ. ಗಂಡ ಸಂಗಪ್ಪ ಬಿಟಿಎಂ ಲೇಔಟಿನ ಒಂದು ಆಫೀಸಿನಲ್ಲಿ ವಾಚ್‌ಮನ್. ಬಂದ ಮರುದಿನವೇ ನನ್ನ ಖಾಲಿ ಜಾಗವನ್ನು ಕಾಲಿನಲ್ಲಿ ಕೆದರಿ ನೋಡಿದಳು.

"ಇದು ಮಣ್ಣೇನ್ರಿ ಯವ್ವಾ? ನಮ್ಮೂರಾಗ ಇಂಥಾದ್ದನ್ನ ರಸ್ತಾಕ್ಕ ಹಾಕ್ತಾರ."

"ನಿಮ್ಮೂರಲ್ಲಿ ಮಳೇನೇ ಬರಲ್ಲ, ಯಾವ ಮಣ್ಣು ಎಲ್ಲಿ ಹಾಕಿದ್ರೇನು?"

"ಮಳಿ ಬರಂಗಿಲ್ಲ, ಖರೆ ಐತಿ. ಬಂದ್ರ ಮಾತ್ರ ಕಾಲಾಗಿನ ಚಪ್ಲಿ ಬಿಡಂಗಿಲ್ಲ ನೋಡ್ರಿ ನಮ್ಮ ಎರಿ ಮಣ್ಣು."

ನನಗೆ ಎದುರು ಮಾತಾಡುವವರು ಸಿಕ್ಕಿ ಬಹಳ ದಿನವಾಗಿತ್ತು. ಹಿಡಿಸಿದಳು. ಹಿಡಿಸಿದಳು ಎಂದು ಕೆಲಸ ಹೇಳುವುದನ್ನೇನೂ ಬಿಡಲಿಲ್ಲ. ಸಂಪಿನ ಮೋಟಾರಿನ ಸ್ವಿಚ್ಚು ನನ್ನ ಅಡುಗೆಮನೆಯಲ್ಲಿತ್ತು. ನಾನು ಕರೆದಾಗ ಬಾರದ ಬಾಡಿಗೆಯವರ ನಲ್ಲಿಗೆ ನೀರು ತಡವಾಗಿ ಹೋಗುತ್ತಿತ್ತು. ಅದು ಅವಳಿಗೆ ಬೇಗ ಅರ್ಥವಾಯಿತು. ಕರೆದರೆ ಬರುತ್ತಿದ್ದಳು.

ಶಿವರಾತ್ರಿಯ ಸುಮಾರಿಗೆ ಮೇನ್ ರೋಡಿನ ಆಚೆಯ ಹಳೇ ಬೀದಿಗಳಲ್ಲಿ ಎಲೆ ಉದುರುತ್ತದೆ. ಹೊಂಗೆ, ಮಳೆಮರ, ಕಾಡುಬಾದಾಮಿ. ಆ ಬೀದಿ ಗುಡಿಸುತ್ತಿದ್ದವಳು ಮುನಿಯಮ್ಮ. ದಿನಾ ಬೆಳಗ್ಗೆ ಗುಡ್ಡೆ ಮಾಡಿ ಬೆಂಕಿ ಹಾಕುತ್ತಿದ್ದಳು. ಸುಡಬೇಡ, ನನಗೆ ತಂದು ಹಾಕು ಎಂದೆ. ಕೈಗಾಡಿಯಲ್ಲಿ ತುಂಬಿ ತಂದಳು.

"ಜನ ಚಿನ್ನ ಕೂಡಿಡ್ತಾರೆ. ನೀನು ಕಸ ಕೂಡಿಡ್ತೀಯಲ್ಲಕ್ಕ."

"ನಿನ್ನ ಚಿನ್ನದಲ್ಲಿ ಅವರೆಕಾಯಿ ಬಿಡ್ತದೇನೆ?"

ನಗುತ್ತಿದ್ದಳು. ಅವಳಿಗೆ ಕಾಫಿ ಕೊಡುತ್ತಿದ್ದೆ. ಅದಕ್ಕೊಂದು ಬೇರೆ ಲೋಟ ಇಟ್ಟಿದ್ದೆ, ಕಾಂಪೌಂಡಿನ ಮೇಲೆ. ಕುಡಿದು ತೊಳೆದು ಅಲ್ಲೇ ಬೋರಲು ಹಾಕಿ ಹೋಗುತ್ತಿದ್ದಳು. ಇದನ್ನೂ ಬರೆಯಬೇಕು, ಯಾಕೆಂದರೆ ಮುಂದೆ ಆದದ್ದಕ್ಕೆ ಇದೂ ಸೇರಿದೆ.

ಸೊಂಟದಾಳದ ಗುಂಡಿ ತೋಡಿಸಿದೆ. ಒಂದು ಗೇಣು ಎಲೆ, ಮೇಲೆ ಸಗಣಿ ನೀರು, ಅದರ ಮೇಲೆ ತೆಳ್ಳಗೆ ಮಣ್ಣು, ತುಳಿಯುವುದು, ಮತ್ತೆ ಎಲೆ. ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿಯಲ್ಲಿ ಒಂದು ಹನಿ ಕಾಣಬೇಕು, ಸುರಿಯಬಾರದು. ಅಷ್ಟೇ ಹದ. ಹದಿನೈದು ದಿನಕ್ಕೆ ಕಬ್ಬಿಣದ ಸಲಾಕೆ ಚುಚ್ಚಿ ತೆಗೆದರೆ ಕೈಸುಡುವಷ್ಟು ಬಿಸಿ. ಒಳಗೆ ಬೇಯುತ್ತಿದೆ ಎಂದು ಅರ್ಥ. ನೀಲವ್ವ ಸಲಾಕೆ ಮುಟ್ಟಿ ನೋಡಿ, "ಇದರ ಮ್ಯಾಲ ರೊಟ್ಟಿ ಸುಡಬಹುದಲ್ರಿ!" ಎಂದಳು. ತಿಂಗಳಿಗೊಮ್ಮೆ ಗುಂಡಿಗಿಳಿದು ಮಗುಚುವುದು ಅವಳ ಕೆಲಸ. ನನ್ನ ಮಂಡಿ ಆಗಲೇ ಹೋಗಿತ್ತು.

ಬೇಯುವ ಎಲೆ ಇಳಿಯುತ್ತದೆ. ಜ್ಯೇಷ್ಠದ ಮಳೆ ಬೀಳುವ ಹೊತ್ತಿಗೆ ಗುಂಡಿ ಅರ್ಧಕ್ಕೆ ಕುಸಿದಿತ್ತು, ಬೀದಿಯಲ್ಲಿ ಎಲೆ ಮುಗಿದಿತ್ತು. ಆದರೆ ಸುತ್ತಲಿನ ಖಾಲಿ ಸೈಟುಗಳಲ್ಲೆಲ್ಲ ಸೊಂಟದೆತ್ತರ ಕಾಂಗ್ರೆಸ್ ಗಿಡ ಎದ್ದು ನಿಂತಿತ್ತು. ಈಗಿನವರಿಗೆ ಗುರುತಿಲ್ಲದಿದ್ದರೆ ಹೇಳುತ್ತೇನೆ: ಸೇವಂತಿಗೆಯ ಎಲೆಯಂಥ ಎಲೆ, ಅಕ್ಕಿನುಚ್ಚಿನಂಥ ಬಿಳಿ ಹೂ. ಆ ಕಾಲದ ಬೆಂಗಳೂರಿನಲ್ಲಿ ಮನೆ ಏಳದ ಸೈಟಿನಲ್ಲೆಲ್ಲ ಅದೊಂದೇ ಬೆಳೆ. ನಾವು ಹೊಂಗೆ ಸೊಪ್ಪು ಕಡಿದು ಗದ್ದೆಗೆ ತುಳಿದು ಬಾಳಿದವರು. ಹಸಿರು ಯಾವುದಾದರೇನು, ಮಣ್ಣಿಗೆ ಬಿದ್ದರೆ ಗೊಬ್ಬರ ಎನ್ನುವುದು ನಮ್ಮ ಬುದ್ಧಿ. ಕುಡುಗೋಲು ತೆಗೆದೆ.

ಮುನಿಯಮ್ಮ ಗಾಡಿ ನಿಲ್ಲಿಸಿ ನೋಡಿದಳು. "ಅದು ಬ್ಯಾಡ ಕಣಕ್ಕ. ದನಾನೂ ಮೂಸಲ್ಲ ಅದನ್ನ."

"ದನ ಮೂಸದ್ದನ್ನ ಮಣ್ಣು ತಿನ್ನುತ್ತೆ. ನೀನು ಹೋಗು."

ಹೂವಾದದ್ದು, ಬೀಜವಾದದ್ದು, ಎಲ್ಲ ಕೊಯ್ದು ಹೊರೆಗಟ್ಟಲೆ ತಂದೆವು. ನೀಲವ್ವ ಮಚ್ಚಿನಿಂದ ಕೊಚ್ಚಿದಳು, ಗುಂಡಿಯ ಒಂದು ಮೂಲೆಗೆ ತುಂಬಿದಳು. ಆರು ದಿನ ಅದೇ ಕೆಲಸ. ಏಳನೆಯ ದಿನ ಅವಳ ಮೊಳಕೈ ತನಕ ಕೆಂಪು ಗುಳ್ಳೆ. ಎಂಟನೆಯ ದಿನ ಕಣ್ಣಿನ ರೆಪ್ಪೆ ಊದಿ ಮುಖವೇ ಬೇರೆಯಾಗಿತ್ತು.

"ಮೈಯೆಲ್ಲಾ ಕೆರಿತೈತ್ರಿ ಯವ್ವಾ. ಆ ಗಿಡದಾಗ ಏನೋ ಐತಿ."

"ಹೊಲದಲ್ಲಿ ಹುಟ್ಟಿದವಳಿಗೆ ಗಿಡ ಆಗಲ್ವಂತೆ! ಕೊಬ್ಬರಿ ಎಣ್ಣೆ ಹಚ್ಕೊ, ಹೋಗ್ತದೆ."

ಎಣ್ಣೆ ಹಚ್ಚಿಕೊಂಡಳು. ಗುಳ್ಳೆ ಸ್ವಲ್ಪ ಇಳಿಯಿತು. ಶ್ರಾವಣದಲ್ಲಿ ಗುಂಡಿ ಮಗುಚಿದ ದಿನ ಉಸಿರು ಕಟ್ಟಿತು. ಮಾತಿನ ನಡುವೆ ಶಿಳ್ಳೆ ಹೊಡೆದ ಹಾಗೆ ಎದೆಯಿಂದ ಸದ್ದು. ಊರಲ್ಲಿದ್ದಾಗ ಯಾವತ್ತೂ ದಮ್ಮು ಕಂಡವಳಲ್ಲ ಎಂದು ಸಂಗಪ್ಪ ಹೆದರಿದ. ಅವನಿಗೆ ಡ್ಯೂಟಿ ಇತ್ತು, ಅದಕ್ಕೆ ಮೇನ್ ರೋಡಿನ ಡಾಕ್ಟರ ಹತ್ತಿರ ಅವಳನ್ನು ಕರೆದುಕೊಂಡು ಹೋದವಳು ನಾನು. ಡಾಕ್ಟರು ಕೈ ನೋಡಿದರು, ಎದೆಗೆ ಕೊಳವೆ ಇಟ್ಟರು, ಏನು ಕೆಲಸ ಮಾಡ್ತೀರಿ ಎಂದು ಕೇಳಿದರು. ಕೇಳಿ ತಲೆಯಾಡಿಸಿದರು.

"ಪಾರ್ಥೇನಿಯಂ ಅಮ್ಮ ಇದು, ಕಾಂಗ್ರೆಸ್ ಗಿಡ ಅಂತೀರಲ್ಲ ಅದೇ. ಆ ಗಿಡ ಮುಟ್ಬೇಡಿ. ಹಸೀದೂ ಅಷ್ಟೆ, ಒಣಗಿದ್ದೂ ಅಷ್ಟೆ, ಅದರ ಧೂಳೂ ಅಷ್ಟೆ. ಮತ್ತೆ ಮತ್ತೆ ಹೋದ್ರೆ ಉಸಿರಿಗೇ ಅಪಾಯ."

ನನ್ನ ಕಡೆಗೂ ನೋಡಿ ಹೇಳಿದರು. ಕಿವಿಯಾರೆ ಕೇಳಿದ್ದೇನೆ. ಬಾಯಿಗೆ ಹೊಡೆದುಕೊಳ್ಳುವ ಒಂದು ಪಂಪು ಬರೆದುಕೊಟ್ಟರು. ದಾರಿಯಲ್ಲಿ ನಾನು, "ಕೊಳೆತ ಕಸ ಉಸಿರು ಹಿಡಿಯುತ್ತಂತೆ. ಔಷಧಿ ಮಾರ್ಬೇಕಲ್ಲ ಅವ್ರಿಗೆ" ಎಂದೆ.

"ಹಂಗಲ್ರಿ ಯವ್ವಾ" ಎಂದಳು ನೀಲವ್ವ. "ಆ ಗುಂಡಿ ಕಡೆ ಹೋದ್ರ ಎದಿ ಮ್ಯಾಲ ಯಾರೋ ಕುಂತಂಗ ಆಗ್ತೈತಿ. ನಾ ಇನ್ನ ಬರಂಗಿಲ್ರಿ. ಬೇಕಂದ್ರ ನಿಮ್ಮ ಪಾತ್ರಿ ತೊಳೀತೀನಿ, ಬಟ್ಟಿ ಒಗೀತೀನಿ."

ಎರಡು ತಿಂಗಳು ಬರಲಿಲ್ಲ. ನಾನು ಮುಖ ಗಂಟಿಕ್ಕಿಕೊಂಡಿದ್ದೆ. ಅವಳು ಮಾತ್ರ ಚೆನ್ನಾದಳು. ಕೈಯ ಗುಳ್ಳೆ ಮಾಯವಾಯಿತು, ರಾತ್ರಿ ಕೆಮ್ಮು ನಿಂತಿತು, ಪಂಪನ್ನು ಟ್ರಂಕಿನಲ್ಲಿಟ್ಟಳು. ಕಣ್ಣಿದ್ದವರಿಗೆ ಅಷ್ಟು ಸಾಕಿತ್ತು. ಆ ಮೂಲೆಯ ಕಾಂಗ್ರೆಸ್ಸನ್ನು ಅವತ್ತೇ ಎತ್ತಿ ಎಸೆಯಬೇಕಾಗಿತ್ತು. ಎಸೆದರೆ ಗುಂಡಿ ಅರ್ಧವಾಗುತ್ತಿತ್ತು. ಎಸೆಯಲಿಲ್ಲ.

ದೀಪಾವಳಿ ಬಂತು. ನಮ್ಮ ಕಡೆ ಪಾಡ್ಯದ ದಿನ ತಿಪ್ಪೆಗೆ ದೀಪ ಇಡುತ್ತಾರೆ. ತಿಪ್ಪೆ ಎಂದರೆ ಲಕ್ಷ್ಮಿ. ನಮ್ಮತ್ತೆ ಹೇಳಿಕೊಟ್ಟದ್ದು ಇನ್ನೊಂದಿತ್ತು: ಮಾಗಿದ ಗೊಬ್ಬರದ ಬಾಯಿಯನ್ನು ಮುತ್ತೈದೆಯೇ ತೆಗೆಯಬೇಕು, ಅರಿಶಿನ ಕುಂಕುಮ ಹಾಕಿ ಮೊದಲ ಮೂರು ಬುಟ್ಟಿ ಅವಳೇ ಎತ್ತಬೇಕು. ಗಂಡ ಸತ್ತವಳು ಮುಟ್ಟಿದರೆ ಮಣ್ಣು ಏಳುವುದಿಲ್ಲ. ಸತ್ತ ಮಣ್ಣನ್ನು ಎಬ್ಬಿಸುವುದಕ್ಕೆ ಹೊರಟವಳು ನಾನು. ಆ ಒಂದು ಮಾತನ್ನು ಮೀರುವ ಧೈರ್ಯ ನನಗೆ ಬರಲಿಲ್ಲ.

ಪಾಡ್ಯದ ಬೆಳಗ್ಗೆ ಮುನಿಯಮ್ಮ ಹಬ್ಬದ ಇನಾಮಿಗೆ ಬಂದಿದ್ದಳು. ಗುಂಡಿಯ ಪಕ್ಕ ಅರಿಶಿನದ ಬಟ್ಟಲು ಇಟ್ಟುಕೊಂಡು ಕೂತಿದ್ದ ನನ್ನನ್ನು ನೋಡಿದಳು.

"ಯಾರಿಗೆ ಕಾಯ್ತಿದೀಯಕ್ಕ?"

"ಮುತ್ತೈದೆ ಬೇಕು ಕಣೆ, ಬಾಯಿ ತೆಗೆಯೋಕೆ."

"ಅಷ್ಟೇನಾ? ನಾನ್ ತೆಗೀತೀನಿ ಬಿಡು. ನನ್ನ ಗಂಡ ಕುಡ್ಕನೇ ಇರ್ಬೋದು, ಬದುಕಂತೂ ಇದಾನೆ" ಎಂದು ನಕ್ಕು ಸೆರಗು ಸಿಕ್ಕಿಸಿದಳು.

ಬೇಡ ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ. ಅವಳ ಜಾತಿ ನನ್ನ ತಲೆಯಲ್ಲಿತ್ತು, ನನ್ನ ತಲೆಯಲ್ಲಿರುವುದು ಅವಳಿಗೆ ಗೊತ್ತಿತ್ತು. ಅಷ್ಟು ಎಲೆಯನ್ನೂ ಅವಳ ಕೈಯಿಂದಲೇ ಹೊರಿಸಿಕೊಂಡಿದ್ದೆ. ಪೂಜೆಗೆ ಆ ಕೈ ಬೇಡವಾಯಿತು. ಅವಳು ತೆಗೆದಿದ್ದರೆ ಏನೂ ಆಗುತ್ತಿರಲಿಲ್ಲ. ಬೀದಿ ಬದಿಯಲ್ಲಿ ವರ್ಷವಿಡೀ ಆ ಗಿಡ ಕಿತ್ತರೂ ಅವಳ ಕೈಯಲ್ಲಿ ಒಂದು ಗುಳ್ಳೆ ಎದ್ದಿರಲಿಲ್ಲ. ಇನಾಮು ತೆಗೆದುಕೊಂಡು ಹೋದಳು. ನಾನು ಹಿಂದಕ್ಕೆ ಹೋಗಿ ನೀಲವ್ವನ ಬಾಗಿಲು ತಟ್ಟಿದೆ.

ಹಬ್ಬಕ್ಕೆಂದು ತಲೆಗೆ ನೀರು ಹಾಕಿಕೊಂಡು ಹಸಿರು ಸೀರೆ ಉಟ್ಟಿದ್ದಳು. ಸಂಗಪ್ಪ ಹಬ್ಬದ ದಿನವೂ ಡ್ಯೂಟಿಗೆ ಹೋಗಿದ್ದ.

"ಡಾಕ್ಟರ್ ಬ್ಯಾಡ ಅಂದಾರಲ್ರಿ ಯವ್ವಾ."

"ಕೆಲಸ ಮಾಡು ಅಂತಿಲ್ಲ ನಾನು. ಪೂಜೆ. ಮೂರು ಬುಟ್ಟಿ. ಲಕ್ಷ್ಮಿ ಕೆಲಸಕ್ಕೂ ಆಗಲ್ಲ ಅನ್ನು, ಇವತ್ತಿನ ದಿನ."

ಬಾಗಿಲಿಗೆ ಚಿಲಕ ಹಾಕಿದಳು. ಆಮೇಲೆ ಬಂದಳು. ಸೆರಗನ್ನು ಮೂಗು ಬಾಯಿಗೆ ಸುತ್ತಿ ಬಿಗಿಯಾಗಿ ಕಟ್ಟಿಕೊಂಡು ಗುಂಡಿಗೆ ಇಳಿದಳು.

"ಇದೇನೆ ಕಳ್ಳಿ ಥರ? ಮುಖ ಮುಚ್ಕೊಂಡು ಲಕ್ಷ್ಮಿ ಬಾಯಿ ತೆಗೀತಾರೇನೆ? ಬಿಚ್ಚು ಅದನ್ನ."

ಬಿಚ್ಚಿದಳು. ಇಷ್ಟು ವರ್ಷದಲ್ಲಿ ನಾನು ಆಡಿದ ಎಷ್ಟೋ ಕೆಟ್ಟ ಮಾತು ಮರೆತಿದ್ದೇನೆ. ಇದು ಮರೆತಿಲ್ಲ.

ಮೊದಲ ಮೂರು ಬುಟ್ಟಿ ಎಲೆಯ ಕಡೆಯಿಂದ. ಕರೀ ಬೆಲ್ಲದ ಹಾಗೆ ಉದುರು ಉದುರು ಗೊಬ್ಬರ. ಎರೆಹುಳು ತುಂಬಿದ್ದವು. ಅದನ್ನು ಅಂಗೈಯಲ್ಲಿಟ್ಟುಕೊಂಡು ನನಗೆ ಕಣ್ಣು ತುಂಬಿತು; ಗಂಡ ಸತ್ತಾಗಲೂ ಅಷ್ಟು ತುಂಬಿರಲಿಲ್ಲ. ಅಲ್ಲಿಗೆ ನಿಲ್ಲಿಸಬೇಕಾಗಿತ್ತು. ಅಷ್ಟರಲ್ಲಿ ಎದುರು ಮನೆಯ ಬ್ಯಾಂಕಿನವರ ಹೆಂಡತಿ, ಮೂಲೆ ಮನೆಯ ಟೀಚರು ಗೇಟಿನ ಹತ್ತಿರ ಬಂದು, "ಆಂಟಿ, ನಮ್ಮ ಗುಲಾಬಿಗೂ ಒಂಚೂರು" ಎಂದರು. ನನಗೆ ಹಿಗ್ಗು. ಇನ್ನೊಂದು ಬುಟ್ಟಿ ಹಾಕು, ಅವರಿಗೊಂದು, ಇವರಿಗೊಂದು ಎಂದೆ. ನಾಲ್ಕು ಮನೆಗೆ ಹೋಯಿತು. ಎಲೆಯ ಕಡೆ ಮುಗಿದು ನೀಲವ್ವನ ಗುದ್ದಲಿ ಆ ಮೂಲೆಗೆ ಹೋಯಿತು. ಗೊಬ್ಬರ ಆರಲಿ ಎಂದು ತಿಂಗಳಿಂದ ನಾನು ಮಳೆ ಬೀಳದ ಹಾಗೆ ತಗಡು ಮುಚ್ಚಿದ್ದೆ, ನೀರೂ ಹಾಕಿರಲಿಲ್ಲ. ಕಾಂಗ್ರೆಸ್ಸು ಕೊಳೆತಿರಲಿಲ್ಲ. ಹೂವು ಕಡ್ಡಿಯ ಸಮೇತ ಒಣಹುಲ್ಲಾಗಿ ಕೂತಿತ್ತು. ಗುದ್ದಲಿ ಬಿದ್ದ ಏಟಿಗೆ ಬೂದಿಯಂಥ ಧೂಳು ಅವಳ ಮುಖಕ್ಕೆ ಎದ್ದಿತು. ಕೆಮ್ಮಿದಳು. ಇನ್ನೆರಡು ಬುಟ್ಟಿ ಎತ್ತಿಕೊಟ್ಟೇ ಮೇಲೆ ಬಂದಳು.

ಮಧ್ಯಾಹ್ನ ಊಟ ಮಾಡಲಿಲ್ಲ. ಮೂರು ಗಂಟೆಗೆ ಬಾಗಿಲ ಚೌಕಟ್ಟು ಹಿಡಿದು ಕೂತಿದ್ದಳು, ಭುಜ ಏರಿ ಇಳಿಯುತ್ತಿತ್ತು. ಟ್ರಂಕಿನ ಪಂಪು ತೆಗೆದು ಹೊಡೆದುಕೊಂಡಳು. ಅದರಲ್ಲಿ ಏನೂ ಉಳಿದಿರಲಿಲ್ಲ. ನಾನು ಮೆಣಸಿನ ಕಷಾಯ ಕಾಯಿಸಿ ಕೊಟ್ಟೆ, ಬೆನ್ನಿಗೆ ಎಣ್ಣೆ ತಿಕ್ಕಿದೆ. ಒಂದು ಗಂಟೆ ಅದರಲ್ಲೇ ಹೋಯಿತು. ಉಗುರು ನೀಲಿಯಾದಾಗ ರಸ್ತೆಗೆ ಓಡಿದೆ. ಹಬ್ಬದ ಮಧ್ಯಾಹ್ನ, ಒಂದು ಆಟೋ ಇಲ್ಲ. ಕೊನೆಗೆ ಬ್ಯಾಂಕಿನವರು ಕಾರು ತೆಗೆದರು. ಬೀದಿಯಲ್ಲಿ ಮಕ್ಕಳು ಪಟಾಕಿ ಹಚ್ಚುತ್ತಿದ್ದವು. ಕಾರಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು. ಏನೋ ಹೇಳುವುದಕ್ಕೆ ಹೋದಳು, ಗಾಳಿ ಸಾಲಲಿಲ್ಲ.

ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಓಡಿಬಂದು ಕೇಳಿದರು: "ಏನಾಯ್ತಮ್ಮ, ಯಾವುದಕ್ಕೆ ಬಂತು ಇದು?"

ಬ್ಯಾಂಕಿನವರು ಪಕ್ಕದಲ್ಲಿ ನಿಂತಿದ್ದರು.

"ಪಟಾಕಿ ಹೊಗೆ ಸಾರ್" ಎಂದೆ.

ನಿಜ ಹೇಳಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಬಹುಶಃ ಇಲ್ಲ, ಅಷ್ಟು ತಡವಾಗಿತ್ತು. ಆದರೆ ಅವಳ ಉಸಿರು ಹೋಗುತ್ತಿರುವಾಗ ನಾನು ನೋಡಿಕೊಂಡದ್ದು ನನ್ನ ಮರ್ಯಾದೆಯನ್ನು. ದೀಪ ಹಚ್ಚುವ ಹೊತ್ತಿಗೆ ಬಟ್ಟೆ ಮುಚ್ಚಿದರು. ಸಂಗಪ್ಪ ವಾಚ್‌ಮನ್ ಯೂನಿಫಾರಮ್ಮಿನಲ್ಲೇ ಬಂದ. ನಾನು ಬಾಯಿ ಬಿಡುವ ಮೊದಲೇ ಬ್ಯಾಂಕಿನವರು ಅವನಿಗೆ ಪಟಾಕಿಯ ವಿಷಯ ಹೇಳಿದರು. ನಾನು ಸುಮ್ಮನಿದ್ದೆ.

ಹೆಣವನ್ನು ಊರಿಗೆ ಒಯ್ಯುವ ವ್ಯಾನು ಮರುದಿನ ಬೆಳಗ್ಗೆ ಆರಕ್ಕೆ ಮನೆಯ ಮುಂದೆ ನಿಂತಿತು, ಅವಳ ಬಟ್ಟೆಬರೆ ತುಂಬಿಕೊಳ್ಳುವುದಕ್ಕೆ. ಸಂಗಪ್ಪ ಟ್ರಂಕು ಎತ್ತಿ ಹಾಕಿ ಮುಂದಿನ ಸೀಟಿಗೆ ಹತ್ತುವವನಿದ್ದ. ಹೋಗಿ ಬಾಗಿಲು ಹಿಡಿದುಕೊಂಡೆ.

"ಪಟಾಕಿ ಅಲ್ಲಪ್ಪ. ನಿನ್ನೆ ನಾನು ಅವಳನ್ನ ಗುಂಡಿಗೆ ಇಳಿಸಿದ್ದೆ. ಮುಖಕ್ಕೆ ಕಟ್ಟಿದ್ದ ಸೆರಗನ್ನೂ ಬಿಚ್ಚಿಸಿದೆ."

ಅವನು ನನ್ನನ್ನು ನೋಡಿದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಈಗ್ಯಾಕ ಹೇಳ್ತೀರಿ?" ಎಂದ. "ನಾ ಹೋಗಿ ಆಕಿ ಅವ್ವಗ ಏನಂತ ಹೇಳ್ಲಿ?"

ಬಾಗಿಲು ಎಳೆದುಕೊಂಡ. ವ್ಯಾನು ಹೋಯಿತು.

ನಾನು ಒಂದು ಖಾಲಿ ಮಂಕರಿ ತೆಗೆದುಕೊಂಡು ಬೀದಿಗೆ ಇಳಿದೆ. ಮೊದಲು ಬ್ಯಾಂಕಿನವರ ಮನೆ. ಗೊಬ್ಬರ ವಾಪಸ್ ಕೊಡಿ, ಅದರಲ್ಲಿ ಕಾಂಗ್ರೆಸ್ಸಿದೆ, ಆ ಹುಡುಗಿ ಸತ್ತದ್ದು ಅದರಿಂದ, ನಿಮ್ಮೆದುರಿಗೆ ನಾನು ಸುಳ್ಳು ಹೇಳಿದೆ ಎಂದೆ. ಅವರು ಬುಟ್ಟಿ ತಂದು ಗೇಟಿನ ಹೊರಗಿಟ್ಟು ಗೇಟು ಹಾಕಿಕೊಂಡರು. ಇನ್ನೆರಡು ಮನೆಯಲ್ಲೂ ಅದೇ ಹೇಳಿದೆ. ಮೂಲೆ ಮನೆಯ ಟೀಚರು ಹಬ್ಬದ ದಿನವೇ ಎಲ್ಲವನ್ನೂ ಗುಲಾಬಿ ಕುಂಡಗಳಿಗೆ ಹಾಕಿ ನೀರೆರೆದುಬಿಟ್ಟಿದ್ದರು. ಅವರ ಮನೆಯಲ್ಲಿ ತೆವಳುವ ಮಗುವೊಂದಿತ್ತು. ನಾನು ಮೆಟ್ಟಿಲ ಮೇಲೆ ಕೂತು ಮೊದಲ ಕುಂಡವನ್ನು ಮಡಿಲಿಗೆ ಎಳೆದುಕೊಂಡು ಬೆರಳಿನಿಂದ ಬಗೆಯತೊಡಗಿದೆ.

"ಆಂಟಿ, ಕೈಗೆ ಪ್ಲಾಸ್ಟಿಕ್ ಕವರಾದ್ರೂ ಸುತ್ಕೊಳ್ಳಿ" ಎಂದರು ಟೀಚರು.

ಬೇಡ ಎಂದು ಎರಡನೆಯ ಕುಂಡ ಎಳೆದುಕೊಂಡೆ. ಒಟ್ಟು ಒಂಬತ್ತಿದ್ದವು.